ಹಳೆಯ ಮಾದರಿ ರೈಲುಗಳ ವಿದ್ಯುತ್ ಪೂರೈಕೆ: ದೋಷಗಳು ಮತ್ತು ಪರಿಹಾರ

ಮಾದರಿ ರೈಲು ಹಾಸು

ನಿಜವಾದ ರೈಲುಮಾರ್ಗವನ್ನು ಒಂದು ನಿಗದಿತ ಪ್ರಮಾಣಕ್ಕೆ ಕುಗ್ಗಿಸಿ, ಹಲಗೆಯ ಮೇಲೆ ಹಳಿ, ನಿಲ್ದಾಣ, ಸಿಗ್ನಲ್ಲುಗಳ ಸಮೇತ ಕಟ್ಟಿದ ರಚನೆಯೇ ಮಾದರಿ ರೈಲು ಹಾಸು. 1980ರ ದಶಕದಲ್ಲಿ ಡಿಜಿಟಲ್ ನಿಯಂತ್ರಣ ಬಳಕೆಗೆ ಬಂತು. ಅದಕ್ಕೂ ಮೊದಲು ತಯಾರಾದ ಎಂಜಿನ್, ಹಳಿ ಮತ್ತು ನಿಯಂತ್ರಕಗಳನ್ನು ಸಂಗ್ರಾಹಕರು ಹಳೆಯ ವರ್ಗಕ್ಕೆ ಸೇರಿಸುತ್ತಾರೆ. ಇಂಗ್ಲೆಂಡಿನ ಹಾರ್ನ್‌ಬಿ ಮತ್ತು ಟ್ರೈಯಾಂಗ್, ಜರ್ಮನಿಯ ಮಾರ್ಕ್ಲಿನ್, ಅಮೆರಿಕದ ಲಯನೆಲ್ ಈ ವರ್ಗದ ಹೆಸರಾಂತ ತಯಾರಕರು.

ಇಂಥ ರೈಲು ಓಡದೆ ನಿಂತಾಗ ಹೆಚ್ಚಿನವರು ಮೊದಲು ಎಂಜಿನ್ನನ್ನೇ ಬಿಚ್ಚುತ್ತಾರೆ. ವಾಸ್ತವವಾಗಿ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ದೋಷ ಬಹುಪಾಲು ಇರುವುದು ಗೋಡೆಯ ಸಾಕೆಟ್ಟಿನಿಂದ ಎಂಜಿನ್ನಿನ ಚಕ್ರದವರೆಗೆ ವಿದ್ಯುತ್ತು ಸಾಗುವ ದಾರಿಯಲ್ಲಿ. ಆ ದಾರಿ ಉದ್ದವಾದಷ್ಟೂ, ಹಳತಾದಷ್ಟೂ ಕಳವಳಕ್ಕೆ ಕಾರಣಗಳು ಹೆಚ್ಚುತ್ತವೆ. ದೂರದ ದಾರಿಯಲ್ಲಿ ವಿದ್ಯುತ್ತು ಸೋರಿಹೋಗುವ ಈ ಸಮಸ್ಯೆಯನ್ನು ಬಂಗಾರಪೇಟೆಯ ಪಕ್ಕದ ಕೋಲಾರ ಚಿನ್ನದ ಗಣಿ ಪ್ರದೇಶ 1902ರಲ್ಲೇ ದೊಡ್ಡ ಪ್ರಮಾಣದಲ್ಲಿ ಎದುರಿಸಿ ಗೆದ್ದಿತ್ತು.

ವಿದ್ಯುತ್ತಿನ ಹೋಗುಬರುವಿನ ದಾರಿ

ವಿದ್ಯುತ್ತು ಎಂಜಿನ್ನನ್ನು ತಲುಪಿದರಷ್ಟೇ ಸಾಲದು, ಮರಳಿ ಮೂಲಕ್ಕೆ ಬರಬೇಕು. ಬಂಗಾರಪೇಟೆ ಜಂಕ್ಷನ್ನಿನ ಮೇಲ್ತಂತಿಯಲ್ಲಿ 25,000 ವೋಲ್ಟ್‌ಗಳ ಪರ್ಯಾಯ ವಿದ್ಯುತ್ತು ಹರಿಯುತ್ತದೆ. ಎಂಜಿನ್ನಿನ ತಲೆಯ ಮೇಲಿನ ಪ್ಯಾಂಟೊಗ್ರಾಫ್ ಅದನ್ನು ಪಡೆಯುತ್ತದೆ. ಬಳಕೆಯಾದ ಪ್ರವಾಹ ಚಕ್ರಗಳ ಮೂಲಕ ಹಳಿಗೆ ಇಳಿದು ಉಪಕೇಂದ್ರಕ್ಕೆ ಮರಳುತ್ತದೆ. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ವೈಟ್‌ಫೀಲ್ಡಿನಲ್ಲಿ ಇಳಿದು ಮೆಟ್ರೊ ಹತ್ತುವವರಿಗೆ ಎರಡನೆಯ ಬಗೆಯೂ ಕಾಣಸಿಗುತ್ತದೆ. ನಮ್ಮ ಮೆಟ್ರೊ ಹಳಿಗಳ ಪಕ್ಕದಲ್ಲಿ ಮೂರನೆಯ ಹಳಿಯೊಂದಿದೆ. ಅದರಲ್ಲಿ 750 ವೋಲ್ಟ್‌ಗಳ ನೇರ ವಿದ್ಯುತ್ತು ಇರುತ್ತದೆ.

ಮಾದರಿ ರೈಲುಗಳಲ್ಲಿ ಮೇಲ್ತಂತಿ ಅಪರೂಪ, ಮೂರನೆಯ ಹಳಿ ಸಾಮಾನ್ಯ. ಲಯನೆಲ್ ರೈಲುಗಳಲ್ಲಿ ನಡುವಿನ ಹಳಿ ವಿದ್ಯುತ್ತನ್ನು ಒಯ್ಯುತ್ತದೆ, ಹೊರಗಿನ ಎರಡು ಹಳಿಗಳು ಅದನ್ನು ಹಿಂದಿರುಗಿಸುತ್ತವೆ. ಈ ರೈಲುಗಳು ಪರ್ಯಾಯ ವಿದ್ಯುತ್ತಿನಲ್ಲಿ ಓಡುತ್ತವೆ. 1938ರಲ್ಲಿ ಬಂದ ಹಾರ್ನ್‌ಬಿ ಡಬ್ಲೊ ಸಹ ಮೂರು ಹಳಿಗಳದ್ದೇ ಆದರೂ ಅದಕ್ಕೆ ಬೇಕಾದದ್ದು 12 ವೋಲ್ಟ್‌ಗಳ ನೇರ ವಿದ್ಯುತ್ತು. 1950ರ ದಶಕದ ಟ್ರೈಯಾಂಗ್ ರೈಲುಗಳಲ್ಲಿ ಮೂರನೆಯ ಹಳಿ ಇಲ್ಲ. ಅಲ್ಲಿ ಒಂದು ಹಳಿ ಹೋಗುವ ದಾರಿ, ಇನ್ನೊಂದು ಬರುವ ದಾರಿ; ಆದ್ದರಿಂದ ಎಡಬಲ ಚಕ್ರಗಳ ನಡುವೆ ಅವಾಹಕ ವಸ್ತು ಇರಲೇಬೇಕು. ಡಬ್ಲೊ ಕೂಡ 1959ರಲ್ಲಿ ಎರಡು ಹಳಿಗಳ ರೈಲುಗಳನ್ನು ಹೊರತಂದಿತು.

ಕೈಗೆ ಬಂದ ರೈಲು ಯಾವ ಪದ್ಧತಿಯದೆಂದು ತಿಳಿಯದೆ ಸ್ವಿಚ್ ಹಾಕಬಾರದು. ನೇರ ವಿದ್ಯುತ್ತಿನ ಮೋಟಾರಿಗೆ ಪರ್ಯಾಯ ವಿದ್ಯುತ್ತು ಕೊಟ್ಟರೆ ಅದು ತಿರುಗದೆ ಗುಂಯ್‌ಗುಡುತ್ತ ಬಿಸಿಯೇರುತ್ತದೆ. ಇಂದಿನ ಡಿಜಿಟಲ್ ನಿಯಂತ್ರಕವೂ ಹಳಿಗೆ ಕೊಡುವುದು ದಿಕ್ಕು ಬದಲಿಸುತ್ತಿರುವ ವಿದ್ಯುತ್ತನ್ನೇ ಆದ್ದರಿಂದ ಹಳೆಯ ಎಂಜಿನ್ನನ್ನು ಅದಕ್ಕೆ ಜೋಡಿಸುವುದು ತರವಲ್ಲ.

ಒಂದು ಸಂಗ್ರಹಯೋಗ್ಯ ಅಪಾಯದ ಬಗ್ಗೆ ಇಲ್ಲೇ ಹೇಳಬೇಕು. ಹಾರ್ನ್‌ಬಿ 1925ರಲ್ಲಿ ತಂದ ಮೆಟ್ರೊಪಾಲಿಟನ್ ರೈಲಿನ ಒಂದು ಆವೃತ್ತಿಗೆ ಟ್ರಾನ್ಸ್‌ಫಾರ್ಮರೇ ಇರಲಿಲ್ಲ. ಮನೆಯ ವಿದ್ಯುತ್ತನ್ನು ಒಂದು ಬಲ್ಬಿನ ಮೂಲಕ ಹಾಯಿಸಿ ನೇರವಾಗಿ ಹಳಿಗೆ ಕೊಡಲಾಗುತ್ತಿತ್ತು. ಅದು ಗಾಜಿನ ಪೆಟ್ಟಿಗೆಯಲ್ಲಿ ಇಡತಕ್ಕ ವಸ್ತುವೇ ಹೊರತು ಓಡಿಸತಕ್ಕದ್ದಲ್ಲ.

ದೂರ ಮತ್ತು ವೋಲ್ಟೇಜು

ಪ್ರತಿಯೊಂದು ವಾಹಕಕ್ಕೂ ಒಂದಿಷ್ಟು ರೋಧವಿದೆ. ಪ್ರವಾಹ ಹರಿದಾಗ ಆ ರೋಧದಲ್ಲಿ ಸ್ವಲ್ಪ ವೋಲ್ಟೇಜು ಕಳೆದುಹೋಗಿ ಶಾಖವಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಈ ಶಾಖನಷ್ಟ ನಾಲ್ಕು ಪಟ್ಟಾಗುತ್ತದೆ. ಅಷ್ಟೇ ಶಕ್ತಿಯನ್ನು ಇಮ್ಮಡಿ ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಅರ್ಧವಾಗಿ ನಷ್ಟ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಜೂನ್ 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ ಕೆಲಸ ಆರಂಭಿಸಿದಾಗ ಅದರ ಮುಖ್ಯ ಗ್ರಾಹಕ 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯಾಗಿತ್ತು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು ಮೂರು ವರ್ಷಗಳ ನಂತರ, ಆಗಸ್ಟ್ 1905ರಲ್ಲಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯ ಎಂಜಿನಿಯರು ಜೋಲಿ ಡಿ ಲಾಟ್‌ಬಿನಿಯರ್. ಅಷ್ಟು ದೂರಕ್ಕೆ ಕಡಿಮೆ ವೋಲ್ಟೇಜಿನಲ್ಲಿ ಕಳಿಸಿದ್ದರೆ ಕಾವೇರಿಯ ಶಕ್ತಿಯ ಬಹುಭಾಗ ದಾರಿಯ ತಂತಿಗಳನ್ನು ಬಿಸಿ ಮಾಡುವುದರಲ್ಲೇ ಮುಗಿಯುತ್ತಿತ್ತು. ಹೀಗಾಗಿ ವೋಲ್ಟೇಜನ್ನು ಸುಮಾರು 35,000ಕ್ಕೆ ಏರಿಸಿ ಕಳಿಸಿ, ಗಣಿಯ ಬಳಿ ಮತ್ತೆ ಇಳಿಸಿ ಬಳಸಲಾಯಿತು. ಆ ಕಾಲದ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಇದೂ ಒಂದು.

ಮಾದರಿ ರೈಲಿನಲ್ಲಿ ಈ ಉಪಾಯ ನಡೆಯದು. ಮಕ್ಕಳ ಬೆರಳು ತಾಗುವ ಹಳಿಯಲ್ಲಿ ವೋಲ್ಟೇಜು ಹತ್ತು ಇಪ್ಪತ್ತನ್ನು ದಾಟುವಂತಿಲ್ಲ. ಉಳಿದಿರುವ ಒಂದೇ ದಾರಿ ರೋಧವನ್ನು ತಗ್ಗಿಸುವುದು. ಹಳಿಗಳಿಗೆ ಹೆಚ್ಚಾಗಿ ಬಳಸುವ ನಿಕ್ಕಲ್ ಸಿಲ್ವರ್ ತಾಮ್ರ, ನಿಕ್ಕಲ್ ಮತ್ತು ಸತುವಿನ ಮಿಶ್ರಲೋಹ. ಅದರಲ್ಲಿ ಬೆಳ್ಳಿಯ ಅಂಶವಿಲ್ಲ, ವಾಹಕವಾಗಿಯೂ ಅದು ತಾಮ್ರಕ್ಕಿಂತ ಬಹಳ ಹಿಂದೆ. ಸಾಮಾನ್ಯ ಗಾತ್ರದ ಇಂಥ ಹಳಿಯ ರೋಧ ಮೀಟರಿಗೆ ಸುಮಾರು 0.1 ಓಮ್. ಐದು ಮೀಟರ್ ದೂರದಲ್ಲಿರುವ ಎಂಜಿನ್ನು ಒಂದು ಆಂಪಿಯರ್ ಸೆಳೆದರೆ ಹೋಗಿಬರುವ ಹತ್ತು ಮೀಟರಿನಲ್ಲಿ ಒಂದು ವೋಲ್ಟ್ ಮಾಯವಾಗುತ್ತದೆ. ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಅದೇ ದೂರಕ್ಕೆ ಆಗುವ ನಷ್ಟ 0.1 ವೋಲ್ಟ್‌ಗಿಂತ ಕಡಿಮೆ. ಹಾಸಿನ ಅಡಿಯಲ್ಲಿ ದಪ್ಪ ತಾಮ್ರದ ತಂತಿಯ ಜೋಡಿಯೊಂದನ್ನು ಎಳೆದು, ಅದರಿಂದ ಮೀಟರಿಗೊಂದರಂತೆ ಸಣ್ಣ ತಂತಿಗಳನ್ನು ಹಳಿಗೆ ಬೆಸುಗೆ ಹಾಕಬೇಕೆಂಬ ನಿಯಮದ ಹಿಂದಿರುವುದು ಈ ಲೆಕ್ಕ.

ಹಳಿಗಿಂತ ಹಳಿಗಳ ಕೀಲುಗಳು ಹೆಚ್ಚು ತೊಂದರೆ ಕೊಡುತ್ತವೆ. ತುಂಡು ಹಳಿಗಳನ್ನು ಜೋಡಿಸುವ ಲೋಹದ ಪಟ್ಟಿ ಸಡಿಲವಾಗಿ, ಒಳಗೆ ತುಕ್ಕು ಹಿಡಿದರೆ ಒಂದೊಂದು ಕೀಲೂ ಒಂದೊಂದು ರೋಧಕವಾಗುತ್ತದೆ. ಎಂಜಿನ್ನು ವಿದ್ಯುತ್ತು ಕೊಡುವ ಜಾಗದ ಹತ್ತಿರ ಚುರುಕಾಗಿದ್ದು, ಆಚೆ ತುದಿಯಲ್ಲಿ ತೆವಳಿದರೆ ಅನುಮಾನ ಮೊದಲು ಹೋಗಬೇಕಾದದ್ದು ಕೀಲುಗಳ ಮೇಲೆ.

ಫಲಕದ ಮೇಲಿನ ಅಂಕಿಗಳು: ವೋಲ್ಟ್ ಮತ್ತು ಆವರ್ತ

ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ಎಷ್ಟು ಬಾರಿ ತನ್ನ ಆವರ್ತವನ್ನು ಪೂರೈಸುತ್ತದೆ ಎಂಬುದನ್ನು ಹರ್ಟ್ಸ್‌ಗಳಲ್ಲಿ ಅಳೆಯುತ್ತಾರೆ. ಭಾರತದಲ್ಲಿ ಇಂದು 50, ಅಮೆರಿಕದಲ್ಲಿ 60. ಶಿವನಸಮುದ್ರದಿಂದ ಗಣಿಗೆ ಬಂದ ಆರಂಭದ ವಿದ್ಯುತ್ತು 25 ಹರ್ಟ್ಸ್‌ನದು. ಆ ಕಾಲದಲ್ಲಿ ದೊಡ್ಡ ಮೋಟಾರುಗಳಿಗೆ ಕಡಿಮೆ ಆವರ್ತವೇ ಅನುಕೂಲವೆನಿಸಿತ್ತು. ಅಮೆರಿಕದ ನಯಾಗರದಲ್ಲೂ ಇದೇ 25.

ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳಿನಲ್ಲಿ ಉಂಟಾಗುವ ಕಾಂತೀಯ ಹರಿವು ವೋಲ್ಟೇಜನ್ನು ಆವರ್ತದಿಂದ ಭಾಗಿಸಿದ ಪ್ರಮಾಣದಲ್ಲಿರುತ್ತದೆ. ಆವರ್ತ ಅರ್ಧಕ್ಕಿಳಿದರೆ ಹರಿವು ಇಮ್ಮಡಿಸುತ್ತದೆ. ತಿರುಳು ತನ್ನ ಮಿತಿಯನ್ನು ಮುಟ್ಟಿದ ಮೇಲೆ ಸುರುಳಿಯ ಪ್ರವಾಹಕ್ಕೆ ಲಗಾಮು ಇರುವುದಿಲ್ಲ, ಸುರುಳಿ ಸುಡುತ್ತದೆ. 50 ಹರ್ಟ್ಸ್‌ಗೆಂದು ಮಾಡಿದ ಆಟಿಕೆ ಟ್ರಾನ್ಸ್‌ಫಾರ್ಮರನ್ನು 25ರ ವಿದ್ಯುತ್ತಿಗೆ ಹಾಕಿದರೆ ಆಗುವುದು ಇದೇ. ಅದಕ್ಕೆಂದೇ ಲಯನೆಲ್ ಕಂಪನಿ 25 ಹರ್ಟ್ಸ್ ಊರುಗಳಿಗೆ ಹೆಚ್ಚು ಕಬ್ಬಿಣ ತುಂಬಿದ ಬೇರೆ ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸುತ್ತಿತ್ತು. ಅಂಥವನ್ನು ಹೆಚ್ಚಿನ ಆವರ್ತದಲ್ಲಿ ಬಳಸುವುದರಿಂದ ತಿರುಳಿಗೆ ಅಪಾಯವಿಲ್ಲ. ತೊಂದರೆ ಇರುವುದು ತಿರುಗುಮುರುಗಾದಾಗ ಮಾತ್ರ.

ಭಾರತದ ಸಂಗ್ರಾಹಕನಿಗೆ ಇನ್ನೂ ದೊಡ್ಡ ಗಂಡಾಂತರ ವೋಲ್ಟೇಜು. ಅಮೆರಿಕದ ನೆಂಟರು ತಂದುಕೊಟ್ಟ ಲಯನೆಲ್ ಟ್ರಾನ್ಸ್‌ಫಾರ್ಮರಿನ ಫಲಕದ ಮೇಲೆ 115 ವೋಲ್ಟ್, 60 ಆವರ್ತ ಎಂದಿರುತ್ತದೆ. ನಮ್ಮ 230 ವೋಲ್ಟ್‌ಗಳ ಸಾಕೆಟ್ಟಿಗೆ ಅದನ್ನು ಚುಚ್ಚಿದರೆ ಕೆಲವೇ ಕ್ಷಣಗಳಲ್ಲಿ ಹೊಗೆ ಬರುತ್ತದೆ. ತಕ್ಕ ಸಾಮರ್ಥ್ಯದ ಇಳಿಕೆಯ ಟ್ರಾನ್ಸ್‌ಫಾರ್ಮರ್ ನಡುವೆ ಇರಬೇಕು. ಹಾಗಿದ್ದರೂ 60ಕ್ಕೆ ಮಾಡಿದ್ದು 50ರಲ್ಲಿ ಸ್ವಲ್ಪ ಹೆಚ್ಚು ಬಿಸಿಯಾಗುವುದರಿಂದ ಪೂರ್ತಿ ಹೊರೆ ಹಾಕದಿರುವುದು ಒಳ್ಳೆಯದು.

ಹಳೆಯ ನಿಯಂತ್ರಕದ ಒಳಗೆ

ನೇರ ವಿದ್ಯುತ್ತಿನ ಹಳೆಯ ನಿಯಂತ್ರಕದಲ್ಲಿ ನಾಲ್ಕು ಅಂಗಗಳಿರುತ್ತವೆ: ವೋಲ್ಟೇಜನ್ನು ಇಳಿಸುವ ಟ್ರಾನ್ಸ್‌ಫಾರ್ಮರ್, ಪರ್ಯಾಯವನ್ನು ನೇರವಾಗಿಸುವ ರೆಕ್ಟಿಫಯರ್, ವೇಗ ನಿಯಂತ್ರಿಸುವ ತಂತಿಸುರುಳಿಯ ರೋಧಕ, ಅತಿಪ್ರವಾಹವನ್ನು ತಡೆಯುವ ಕಟೌಟ್.

ಇವುಗಳಲ್ಲಿ ಟ್ರಾನ್ಸ್‌ಫಾರ್ಮರ್ ದೀರ್ಘಾಯುಷಿ. ಬೇಗ ಮುಪ್ಪಾಗುವುದು ರೆಕ್ಟಿಫಯರ್. ಸಿಲಿಕಾನ್ ಡಯೋಡುಗಳು ಅಗ್ಗವಾಗುವ ಮುನ್ನ ಸೆಲೆನಿಯಂ ಲೇಪಿಸಿದ ಲೋಹದ ಫಲಕಗಳನ್ನು ಸಾಲಾಗಿ ಪೋಣಿಸಿ ಇದನ್ನು ಮಾಡುತ್ತಿದ್ದರು. ವರ್ಷಗಳು ಉರುಳಿದಂತೆ ಸೆಲೆನಿಯಂ ಫಲಕದ ರೋಧ ಏರುತ್ತದೆ, ಹೊರಬರುವ ವೋಲ್ಟೇಜು ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಸರಿಯಾಗಿದ್ದೂ ರೈಲು ನಿಧಾನವಾದರೆ ಕಾರಣ ಹೆಚ್ಚಾಗಿ ಇದೇ. ಸೆಲೆನಿಯಂ ಸುಟ್ಟಾಗ ಸಹಿಸಲಾಗದ ಕೊಳೆತ ವಾಸನೆ ಬರುತ್ತದೆ, ಆ ಹೊಗೆ ವಿಷಕಾರಿ. ಕಿಟಕಿ ತೆರೆದು ಕೋಣೆಯಿಂದ ಹೊರಬರಬೇಕು. ಸೆಲೆನಿಯಂ ರೆಕ್ಟಿಫಯರಿನ ಬದಲಿಗೆ ಸಿಲಿಕಾನ್ ಬ್ರಿಜ್ ಹಾಕಬಹುದು. ಆದರೆ ಸಿಲಿಕಾನ್ ಕಳೆಯುವ ವೋಲ್ಟೇಜು ಕಡಿಮೆಯಾದ್ದರಿಂದ ಹಳಿಗೆ ತಲುಪುವ ವೋಲ್ಟೇಜು ಮೊದಲಿಗಿಂತ ಹೆಚ್ಚಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಂತಿಸುರುಳಿಯ ರೋಧಕದ ಮೇಲೆ ಜಾರುವ ಹಿಡಿ ಕೊಳೆಯಾದರೆ ರೈಲು ಜಿಗಿಯುತ್ತ ಓಡುತ್ತದೆ. ಲಯನೆಲ್‌ನ ದೊಡ್ಡ ಟ್ರಾನ್ಸ್‌ಫಾರ್ಮರುಗಳಲ್ಲಿ ಹಿಡಿಯ ಬದಲು ಸುರುಳಿಯ ಮೇಲೆ ಉರುಳುವ ಇಂಗಾಲದ ಗಾಲಿಯಿರುತ್ತದೆ. ಅದು ಸವೆದರೆ ಕಿಡಿ ಹಾರುತ್ತದೆ, ಸುರುಳಿಯೂ ಹಾಳಾಗುತ್ತದೆ. ಇನ್ನು ಕಟೌಟ್. ಎರಡು ಲೋಹಗಳ ಪಟ್ಟಿ ಬಿಸಿಯಾಗಿ ಬಾಗಿ ಸಂಪರ್ಕ ಕಡಿಯುತ್ತದೆ, ತಣ್ಣಗಾದಾಗ ಮತ್ತೆ ಕೂಡಿಸುತ್ತದೆ. ರೈಲು ನಿಂತು, ಒಂದೆರಡು ನಿಮಿಷಗಳಲ್ಲಿ ತಾನಾಗಿ ಹೊರಟು, ಮತ್ತೆ ನಿಂತರೆ ಕೆಲಸ ಮಾಡುತ್ತಿರುವುದು ಕಟೌಟ್. ಅದನ್ನು ತೆಗೆದುಹಾಕಿ ನೇರ ತಂತಿ ಜೋಡಿಸುವ ರಿಪೇರಿ ನಮ್ಮ ಕಡೆ ಜನಪ್ರಿಯ. ರಿಪೇರಿಗಳಲ್ಲಿ ಅತ್ಯಂತ ಕೆಟ್ಟದ್ದೂ ಅದೇ.

ಸ್ವಿಚ್ ಹಾಕುವ ಮೊದಲು

1960ಕ್ಕಿಂತ ಹಿಂದಿನ ಅನೇಕ ನಿಯಂತ್ರಕಗಳ ವಿದ್ಯುತ್ ಹುರಿಗೆ ರಬ್ಬರಿನ ಕವಚ, ಅದರ ಮೇಲೆ ಬಟ್ಟೆಯ ಹೊದಿಕೆ. ರಬ್ಬರು ಕಾಲಕ್ರಮೇಣ ಗಟ್ಟಿಯಾಗಿ, ಬಾಗಿದ ಕಡೆ ಬಿರುಕು ಬಿಟ್ಟು ಉದುರುತ್ತದೆ. ಹೊರಗಿನ ಬಟ್ಟೆ ನೆಟ್ಟಗಿರುವುದರಿಂದ ಒಳಗಿನ ಬೆತ್ತಲೆ ತಂತಿ ಕಾಣುವುದಿಲ್ಲ. ಪೆಟ್ಟಿಗೆ ಲೋಹದ್ದಾಗಿ, ಹುರಿಯಲ್ಲಿ ಎರಡೇ ತಂತಿಗಳಿದ್ದರೆ ಇದು ಜೀವಕ್ಕೆ ಕುತ್ತು. ಹುರಿಯನ್ನು ಬದಲಿಸಿ, ಪೆಟ್ಟಿಗೆಗೆ ಭೂಸಂಪರ್ಕ ಕೊಟ್ಟು, ಮೂರು ಪಿನ್ನಿನ ಪ್ಲಗ್ ಹಾಕಬೇಕು. 30 ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ ಇರುವ ಸಾಕೆಟ್ಟಿನಲ್ಲೇ ಅದನ್ನು ಬಳಸಬೇಕು. ಒಳ ಸುರುಳಿಗೂ ಹೊರ ಸುರುಳಿಗೂ ಪೆಟ್ಟಿಗೆಗೂ ನಡುವೆ ಅವಾಹಕತೆ ಉಳಿದಿದೆಯೇ ಎಂಬುದನ್ನು 500 ವೋಲ್ಟ್‌ಗಳ ಮೆಗ್ಗರಿನಿಂದ ನೋಡಬೇಕಾದ ಕೆಲಸ ಅನುಭವಿ ಎಲೆಕ್ಟ್ರಿಷಿಯನ್ನಿನದು. ಅದರಲ್ಲಿ ತೇರ್ಗಡೆಯಾಗದ ನಿಯಂತ್ರಕ ಎಷ್ಟೇ ಅಪರೂಪದ್ದಾದರೂ ಕಪಾಟಿನಲ್ಲಿರಲಿ. ರೈಲನ್ನು ಹೊಸ ನಿಯಂತ್ರಕದಿಂದ ಓಡಿಸಬಹುದು.

ದೋಷ ಪತ್ತೆಯ ಕ್ರಮ

ಪತ್ತೆಯ ಕೆಲಸ ಸಾಕೆಟ್ಟಿನಿಂದ ಹೊರಟು ಚಕ್ರದತ್ತ ಸಾಗಬೇಕು. ಮೊದಲು ನಿಯಂತ್ರಕವನ್ನು ಹಳಿಯಿಂದ ಬಿಡಿಸಿ, ಹೊರಬರುವ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಅಳೆಯುತ್ತಾರೆ. ಇಲ್ಲಿ ಒಂದು ಮೋಸವಿದೆ. ಹೊರೆಯಿಲ್ಲದಾಗ 12 ವೋಲ್ಟ್‌ಗಳ ಹಳೆಯ ನಿಯಂತ್ರಕ 16 ಅಥವಾ 18 ತೋರಿಸಬಹುದು. ಹೊರೆ ಬಿದ್ದೊಡನೆ 8ಕ್ಕೆ ಕುಸಿಯಲೂಬಹುದು. ಮೀಟರು ಸೆಳೆಯುವ ಪ್ರವಾಹ ಅತ್ಯಲ್ಪವಾದ್ದರಿಂದ ತುಕ್ಕು ಹಿಡಿದ ಕೀಲಿನ ಆಚೆಗೂ ಅದು ಪೂರ್ತಿ ವೋಲ್ಟೇಜನ್ನೇ ಓದುತ್ತದೆ. ಎಲ್ಲ ಕಡೆ 12 ತೋರಿಸುತ್ತಿದ್ದರೂ ರೈಲು ಅಲುಗದಿರುವ ಒಗಟಿಗೆ ಉತ್ತರ ಇದು.

ಆದ್ದರಿಂದ ಅಳತೆ ಯಾವಾಗಲೂ ಹೊರೆಯ ಜೊತೆಗೇ ಆಗಬೇಕು. ಬಂಗಾರಪೇಟೆಯ ಯಾವುದೇ ವಾಹನ ಬಿಡಿಭಾಗದ ಅಂಗಡಿಯಲ್ಲಿ ಸಿಗುವ ಕಾರಿನ 12 ವೋಲ್ಟ್, 5 ವ್ಯಾಟ್ ಬಲ್ಬು ಒಳ್ಳೆಯ ಹೊರೆ. ಅದು ಸೆಳೆಯುವ 0.4 ಆಂಪಿಯರ್ ಸಣ್ಣ ಎಂಜಿನ್ನಿನ ಸೆಳೆತಕ್ಕೆ ಸಮೀಪ. ಬಲ್ಬನ್ನು ಹಳಿಗಳಿಗೆ ಅಡ್ಡ ಇಟ್ಟು, ವಿದ್ಯುತ್ತು ಸೇರುವ ಜಾಗದಲ್ಲಿ ಒಮ್ಮೆ, ದೂರದ ತುದಿಯಲ್ಲಿ ಒಮ್ಮೆ ವೋಲ್ಟೇಜು ಅಳೆಯಬೇಕು. ಎರಡರ ಅಂತರ ಒಂದು ವೋಲ್ಟನ್ನು ಮೀರಿದರೆ ದಾರಿಯಲ್ಲಿ ದೋಷವಿದೆ. ಕೀಲಿನಿಂದ ಕೀಲಿಗೆ ಸಾಗುತ್ತ ಹೋದರೆ ಬಲ್ಬು ಮಂಕಾಗುವ ಜಾಗವೇ ದೋಷದ ಜಾಗ.

ಹಳಿಯವರೆಗೆ ಎಲ್ಲ ಸರಿಯಾಗಿದ್ದರೆ ಮಾತ್ರ ಎಂಜಿನ್ನಿನ ಸರದಿ. ಚಕ್ರದ ಅಂಚಿಗೆ ಮೆತ್ತಿದ ಕಪ್ಪು ಮಡ್ಡಿ, ವಿದ್ಯುತ್ತು ಹೆಕ್ಕುವ ಪಟ್ಟಿಯ ಸಡಿಲು, ಸವೆದ ಇಂಗಾಲದ ಬ್ರಷ್ಷುಗಳು ಸಾಮಾನ್ಯ ಕಾರಣಗಳು. ಹಳೆಯ ಡಬ್ಲೊ ಎಂಜಿನ್ನುಗಳಲ್ಲಿ ಇನ್ನೊಂದು ವಿಚಿತ್ರವಿದೆ. ಮೋಟಾರಿನ ಕಾಂತ ದುರ್ಬಲವಾದಾಗ ಮೋಟಾರು ಹೆಚ್ಚು ಪ್ರವಾಹ ಸೆಳೆದು ಬಿಸಿಯಾಗುತ್ತದೆ, ಕಟೌಟನ್ನೂ ಹಾರಿಸುತ್ತದೆ. ಆಗ ತಪ್ಪು ನಿಯಂತ್ರಕದ್ದೆಂದು ತೋರುತ್ತದೆ. ಸರಣಿಯಲ್ಲಿ ಆಮೀಟರ್ ಇಟ್ಟು ನೋಡಿದರೆ ನಿಜ ತಿಳಿಯುತ್ತದೆ. ಮೋಟಾರನ್ನು ಬಿಚ್ಚುವಾಗ ಕಾಂತದ ಧ್ರುವಗಳ ನಡುವೆ ಕಬ್ಬಿಣದ ತುಂಡು ಇಡದೆ ಒಳಗಿನ ಆರ್ಮೆಚರನ್ನು ಹೊರತೆಗೆದರೆ ಕಾಂತ ಸೊರಗುತ್ತದೆ. ಎಂಜಿನ್ ಬಿಚ್ಚುವ ಆತುರ ಬೇಡವೆನ್ನಲು ಇದೂ ಒಂದು ಕಾರಣ.

ಲಯನೆಲ್ ಎಂಜಿನ್ನುಗಳ ತಂತ್ರ ಬೇರೆ. ಅವುಗಳೊಳಗಿನ ಸ್ವಿಚ್ಚು ವಿದ್ಯುತ್ತು ಕಡಿದು ಬಂದಾಗಲೆಲ್ಲ ಮುಂದೆ, ತಟಸ್ಥ, ಹಿಂದೆ, ತಟಸ್ಥ ಎಂಬ ಸರದಿಯಲ್ಲಿ ಒಂದು ಹೆಜ್ಜೆ ಮುಂದುವರಿಯುತ್ತದೆ. ಕೊಳೆಯಾದ ಹಳಿಯ ಮೇಲೆ ಕ್ಷಣಮಾತ್ರ ಸಂಪರ್ಕ ತಪ್ಪಿದರೂ ಎಂಜಿನ್ನು ತಟಸ್ಥಕ್ಕೆ ಜಾರಿ, ದೀಪ ಉರಿಯುತ್ತಿದ್ದರೂ ಸತ್ತಂತೆ ನಿಲ್ಲುತ್ತದೆ. ಹಳಿ ಒರೆಸಿದರೆ ಸಾಕು, ಅದು ಬದುಕುತ್ತದೆ.

ಶಾರ್ಟ್ ಸರ್ಕ್ಯೂಟ್

ಹೋಗುವ ದಾರಿ ಮತ್ತು ಬರುವ ದಾರಿ ನಡುವೆಯೇ ಕೂಡಿಕೊಂಡರೆ ಶಾರ್ಟ್ ಆಗುತ್ತದೆ. ಎರಡು ಹಳಿಗಳ ಪದ್ಧತಿಯಲ್ಲಿ ಹಳಿ ಸುತ್ತಿಬಂದು ತನ್ನನ್ನೇ ಹಿಮ್ಮುಖವಾಗಿ ಸೇರಿದಾಗ ಎಡ ಹಳಿ ಬಲ ಹಳಿಯನ್ನು ಮುಟ್ಟುತ್ತದೆ. ಅಲ್ಲಿ ಎರಡೂ ಕಡೆ ಹಳಿಯನ್ನು ಕತ್ತರಿಸಿ ಆ ಭಾಗಕ್ಕೆ ಬೇರೆ ಸ್ವಿಚ್ಚು ಕೊಡಬೇಕು. ಮೂರು ಹಳಿಗಳ ಹಾಸಿನಲ್ಲಿ ಹೊರಗಿನ ಎರಡೂ ಹಳಿಗಳು ಒಂದೇ ಆದ್ದರಿಂದ ಈ ಪೇಚಿಲ್ಲ. ಹಳಿ ಕವಲೊಡೆಯುವ ಪಾಯಿಂಟುಗಳಲ್ಲಿ ಲೋಹದ ಚಕ್ರ ಎರಡು ಹಳಿಗಳನ್ನು ಒಮ್ಮೆಲೆ ತಾಗುವುದು, ಹಳಿಗೆ ಅಡ್ಡ ಬಿದ್ದ ಮೊಳೆ ಅಥವಾ ಸ್ಕ್ರೂ ಉಳಿದ ಕಾರಣಗಳು.

ಪತ್ತೆಗೆ 12 ವೋಲ್ಟ್, 21 ವ್ಯಾಟ್‌ಗಳ ಬಲ್ಬೊಂದನ್ನು ನಿಯಂತ್ರಕ ಮತ್ತು ಹಳಿಯ ನಡುವೆ ಸರಣಿಯಲ್ಲಿ ಜೋಡಿಸುತ್ತಾರೆ. ಶಾರ್ಟ್ ಇದ್ದರೆ ಬಲ್ಬು ಪೂರ್ಣ ಬೆಳಗುತ್ತದೆ, ಪ್ರವಾಹ 1.75 ಆಂಪಿಯರನ್ನು ಮೀರುವುದಿಲ್ಲ. ಎಲ್ಲ ಬೋಗಿಗಳನ್ನು ಎತ್ತಿಟ್ಟು, ಹಳಿಯನ್ನು ಭಾಗ ಭಾಗವಾಗಿ ಬೇರ್ಪಡಿಸುತ್ತ ಹೋದಾಗ ಯಾವ ಭಾಗವನ್ನು ಬಿಡಿಸಿದೊಡನೆ ಬಲ್ಬು ಆರುತ್ತದೋ ದೋಷ ಅಲ್ಲಿದೆ.

ಧೂಳು, ಇನ್ವರ್ಟರ್, ಸಂಜೆಯ ವೋಲ್ಟೇಜು

ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ನುಣುಪು ಮರಳು ಸೈನೈಡ್ ಗುಡ್ಡಗಳಾಗಿ ನಿಂತಿದೆ. ಗಣಿ 2001ರಲ್ಲಿ ಮುಚ್ಚಿದರೂ ಗಾಳಿಯ ತಿಂಗಳುಗಳಲ್ಲಿ ಆ ಪುಡಿ ಮನೆಗಳೊಳಗೆ ಬರುವುದು ನಿಂತಿಲ್ಲ. ಅದರ ಮುಖ್ಯ ಅಂಶವಾದ ಸಿಲಿಕಾ ಅವಾಹಕ. ಹಳಿಗೆ ಎಣ್ಣೆ ಹೆಚ್ಚಾಗಿ ಹಚ್ಚಿದ್ದರೆ ಧೂಳು ಅಂಟಿ ಗಟ್ಟಿ ಪದರವಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸುವುದು ಸರಿಯಾದ ವಿಧಾನ. ಮರಳು ಕಾಗದದಿಂದ ಉಜ್ಜಿದರೆ ಹಳಿ ಆ ದಿನ ಹೊಳೆಯುತ್ತದೆ, ಗೀರುಗಳಲ್ಲಿ ಕೊಳೆ ಮೊದಲಿಗಿಂತ ಬೇಗ ಕೂರುತ್ತದೆ. ತಗಡಿನ ಹಳಿಯಾದರೆ ಲೇಪ ಹೋಗಿ ತುಕ್ಕು ಹಿಡಿಯುತ್ತದೆ.

ಹಳೆಯ ನಿಯಂತ್ರಕದಲ್ಲಿ ವೋಲ್ಟೇಜನ್ನು ಸ್ಥಿರವಾಗಿಡುವ ವ್ಯವಸ್ಥೆಯಿಲ್ಲ. ಸಾಕೆಟ್ಟಿನಲ್ಲಿ 230 ಇರಬೇಕಾದದ್ದು ಸಂಜೆ 195ಕ್ಕೆ ಇಳಿದರೆ ಹಳಿಯ 12 ಕೂಡ 10ರ ಸಮೀಪಕ್ಕೆ ಇಳಿಯುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿ ಸಂಜೆ ಮುಷ್ಕರ ಹೂಡುವ ರೈಲಿನ ರೋಗ ರೈಲಿನಲ್ಲಿಲ್ಲ. ಕರೆಂಟು ಹೋದಾಗ ಅಗ್ಗದ ಇನ್ವರ್ಟರಿನಲ್ಲಿ ಓಡಿಸುವುದಂತೂ ಬೇಡ. ಅದು ಕೊಡುವ ಚೌಕ ಅಲೆಗೆ ಹಳೆಯ ಟ್ರಾನ್ಸ್‌ಫಾರ್ಮರ್ ಜೋರಾಗಿ ಗುನುಗುತ್ತ ಬಿಸಿಯಾಗುತ್ತದೆ. ಶುದ್ಧ ಸೈನ್ ಅಲೆಯ ಇನ್ವರ್ಟರಾದರೆ ಅಡ್ಡಿಯಿಲ್ಲ.

ಬಂಗಾರಪೇಟೆಯ ಮಾರ್ಗಗಳನ್ನು ಮಾದರಿಯಾಗಿಸುವಾಗ

ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಕಾಲದಿಂದಲೂ ಬಂಗಾರಪೇಟೆ ಜಂಕ್ಷನ್ನು. ಇಲ್ಲಿಂದ ಊರ್ಗಾಂ, ಚಾಂಪಿಯನ್ ಹಾದು ಮಾರಿಕುಪ್ಪಂ ಸೇರುವ ಗಣಿಯ ಕವಲು 1894ರದು, ಅಗಲ ಹಳಿಯದು. ಕೋಲಾರದ ಕಡೆಗೆ 1913ರಲ್ಲಿ ತೆರೆದ ಮಾರ್ಗ 762 ಮಿಲಿಮೀಟರ್ ಅಂತರದ ಕಿರುಹಳಿಯದಾಗಿತ್ತು. ಈಗ ಅದೂ ಅಗಲ ಹಳಿಗೆ ಪರಿವರ್ತನೆಯಾಗಿದೆ.

ಈ ಕಿರುಹಳಿಯನ್ನು 1:87 ಪ್ರಮಾಣಕ್ಕೆ ಇಳಿಸಿದರೆ ಹಳಿಗಳ ಅಂತರ 8.76 ಮಿಲಿಮೀಟರ್ ಆಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ 9 ಮಿಲಿಮೀಟರಿನ ಹಳಿ ಅದಕ್ಕೆ ಹೊಂದುತ್ತದೆ. ಕಿರುಹಳಿಯ ಎಂಜಿನ್ನು ಚಿಕ್ಕದು, ಹಗುರ. ಹಳಿಯನ್ನು ಒತ್ತುವ ಭಾರವೂ ವಿದ್ಯುತ್ತು ಹೆಕ್ಕುವ ಚಕ್ರಗಳೂ ಕಡಿಮೆ. ಹೀಗಾಗಿ ದೊಡ್ಡ ಎಂಜಿನ್ನು ಲೆಕ್ಕಿಸದ ಧೂಳಿಗೆ ಇದು ನಿಲ್ಲುತ್ತದೆ. ಎಂಜಿನ್ನಿನ ಹಿಂದಿನ ಮೊದಲ ಬೋಗಿಯ ಚಕ್ರಗಳಿಗೂ ತೆಳುವಾದ ಹಿತ್ತಾಳೆಯ ಪಟ್ಟಿ ತಾಗಿಸಿ, ಅಲ್ಲಿಂದ ಎರಡು ಮೃದು ತಂತಿಗಳನ್ನು ಎಂಜಿನ್ನಿಗೆ ಎಳೆಯುವುದು ಇದಕ್ಕೆ ರೂಢಿಯಲ್ಲಿರುವ ಪರಿಹಾರ. ಆ ಬೋಗಿಯನ್ನು ಅನಂತರ ಎಂಜಿನ್ನಿನಿಂದ ಬಿಡಿಸಲು ಬಾರದು.